1.20 ಎಕರೆ ಎಂದರೆ ಎಷ್ಟು?

ಜಮೀನಿನ ಕಾಗದದಲ್ಲಿ ವಿಸ್ತೀರ್ಣ 1.20 ಎಂದು ಬರೆದಿದೆ ಎಂದುಕೊಳ್ಳಿ. ಯಳಂದೂರಿನ ಕಡೆಯ ರೈತರು ಇದನ್ನು ಒಂದು ಎಕರೆ ಇಪ್ಪತ್ತು ಗುಂಟೆ ಎಂದು ಓದುತ್ತಾರೆ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಒಂದೂವರೆ ಎಕರೆ. ಇದೇ ಅಂಕಿ ಮದ್ರಾಸ್ ಸೀಮೆಯ ಹಳೆಯ ಸರ್ವೆ ಕಾಗದದಲ್ಲಿದ್ದರೆ ಅದು ಒಂದು ಎಕರೆ ಇಪ್ಪತ್ತು ಸೆಂಟು. ನೂರು ಸೆಂಟಿಗೆ ಎಕರೆ, ಅಂದರೆ ಒಂದು ಎಕರೆ ಎಂಟು ಗುಂಟೆ. ಕಂಪ್ಯೂಟರಿಗೆ ಎರಡೂ ಒಂದೇ ಅಂಕಿ. ನಡುವೆ ಜಾರಿಹೋದದ್ದು ಹನ್ನೆರಡು ಗುಂಟೆ.

ಲೆಕ್ಕದ ಮೇಷ್ಟ್ರು ಕೂತು ಕಟ್ಟಿದ ಒಗಟಲ್ಲ ಇದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಪಕ್ಕದ ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಸೀಮೆ. ಹನೂರು ಆಗ ಕೊಳ್ಳೇಗಾಲದ ಒಳಗಿತ್ತು. ಏಕೀಕರಣದಲ್ಲಿ ಎಲ್ಲ ಒಂದೇ ರಾಜ್ಯಕ್ಕೆ ಬಂದವು, ಮೈಸೂರು ಜಿಲ್ಲೆಗೆ ಸೇರಿದವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. 2011ರ ಜನಗಣತಿಯ ಪುಸ್ತಕ ತೆರೆದರೆ ಜಿಲ್ಲೆಗೆ ನಾಲ್ಕೇ ತಾಲ್ಲೂಕು, ಹನೂರು ಕಾಣುವುದಿಲ್ಲ. ಐದನೆಯದಾಗಿ ಅದು ಬೇರ್ಪಟ್ಟದ್ದು ಆಮೇಲೆ. ಬಸ್ಸಿನಲ್ಲಿ ಅರ್ಧ ದಿನದೊಳಗೆ ಸುತ್ತಿಬರಬಹುದಾದ ಮೂರು ಊರುಗಳಿಗೆ ಇಷ್ಟೊಂದು ಬಗೆಯ ದಾಖಲೆ, ಅಳತೆ, ಗಡಿ. ನಕ್ಷೆಯ ತಂತ್ರಾಂಶ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲಿ ಸಿಗುವುದು ಕಷ್ಟ ಎಂದು ನನ್ನ ಅಭಿಪ್ರಾಯ.

‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದು ಎರಡು ದಶಕ ದಾಟಿತು. ಸರ್ವೆ ಅರ್ಜಿಗಳಿಗೆ ‘ಮೋಜಿಣಿ’ ಬಂತು. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆಪ್ ಈಗ ಹಳ್ಳಿಯ ಚಹಾ ಅಂಗಡಿಯಲ್ಲೂ ತೆರೆದಿರುತ್ತದೆ. ಅದರ ಹಿಂದಿರುವುದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ನಕ್ಷೆಗಳು. ಇಂಥ ಸೇವೆಗಳ ಬೆನ್ನೆಲುಬು ಸ್ಥಳ ಮಾಹಿತಿಯ ಡೇಟಾಬೇಸ್. ಮಾಮೂಲಿ ಡೇಟಾಬೇಸ್ ಹೆಸರು, ಅಂಕಿ, ದಿನಾಂಕ ಇಟ್ಟುಕೊಳ್ಳುತ್ತದೆ. ಇದು ಬಿಂದು, ಗೆರೆ, ಆಕಾರಗಳನ್ನೂ ಇಟ್ಟುಕೊಳ್ಳುತ್ತದೆ. ‘ಈ ಬಾವಿ ಯಾವ ಗ್ರಾಮದ್ದು’, ‘ಕಾಡಂಚಿನಿಂದ ಒಂದು ಕಿಲೋಮೀಟರ್ ಒಳಗೆ ಯಾವ ಯಾವ ಸರ್ವೆ ನಂಬರುಗಳಿವೆ’ ಎಂದು ಕೇಳಿದರೆ ಉತ್ತರ ಕೊಡುತ್ತದೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಇಂಥ ವ್ಯವಸ್ಥೆಗಳಲ್ಲೊಂದು ಪೋಸ್ಟ್‌ಜಿಐಎಸ್. 2001ರಲ್ಲಿ ಕೆನಡಾದ ರಿಫ್ರಾಕ್ಷನ್ಸ್ ರಿಸರ್ಚ್ ಎಂಬ ಸಂಸ್ಥೆ ಇದನ್ನು ಹೊರತಂದಿತು. ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ವೆಬ್‌ಸೈಟ್ ಕಟ್ಟುವ ಜಾಂಗೊ ಚೌಕಟ್ಟಿಗೆ 2008ರಲ್ಲಿ ಜಿಯೊಜಾಂಗೊ ಸೇರಿದ ಮೇಲೆ, ನಾಲ್ಕಾರು ಜನರ ಸಣ್ಣ ತಂಡವೂ ಇಂಥ ಸೇವೆ ಕಟ್ಟಬಹುದಾಯಿತು.

ಕಟ್ಟುವುದು ಸುಲಭವಾಯಿತು. ಸರಿಯಿದೆಯೆಂದು ತಿಳಿಯುವುದು ಮಾತ್ರ ಸುಲಭವಾಗಲಿಲ್ಲ.

ತಂತ್ರಾಂಶದ ಲೋಕದಲ್ಲಿ ಟೆಸ್ಟ್ ಎಂದರೆ ಮನುಷ್ಯ ಕೂತು ಒಂದೊಂದೇ ಗುಂಡಿ ಒತ್ತಿ ನೋಡುವುದಲ್ಲ. ‘ಈ ಪ್ರಶ್ನೆ ಕೇಳಿದರೆ ಈ ಉತ್ತರ ಬರಬೇಕು’ ಎಂದು ಮೊದಲೇ ಬರೆದಿಟ್ಟ ಪುಟ್ಟ ಪುಟ್ಟ ಕಾರ್ಯಕ್ರಮಗಳು. ಕೋಡಿನಲ್ಲಿ ಒಂದು ಸಾಲು ಬದಲಾದರೂ ಅವೆಲ್ಲ ತಾವಾಗಿ ಓಡುತ್ತವೆ. ಒಂದು ಫೇಲಾದರೂ ಹೊಸ ಕೋಡು ಮುಂದೆ ಹೋಗುವಂತಿಲ್ಲ. ಡೇಟಾಬೇಸ್ ಬೇಕಾದ ಟೆಸ್ಟಿಗೆ ಜನರ ಅಸಲಿ ದಾಖಲೆ ಮುಟ್ಟುವುದಿಲ್ಲ. ಖಾಲಿ ಡೇಟಾಬೇಸೊಂದನ್ನು ಆಗಲೇ ಸೃಷ್ಟಿಸಿ, ನಾಲ್ಕು ಮಾದರಿ ಜಮೀನು ತುಂಬಿ, ಪ್ರಶ್ನೆ ಕೇಳಿ, ಸ್ಲೇಟು ಒರೆಸಿದಂತೆ ಒರೆಸಿ ಮುಂದಿನ ಟೆಸ್ಟಿಗೆ ಹೋಗುತ್ತಾರೆ.

ಬ್ಯಾಂಕಿನ ತಂತ್ರಾಂಶಕ್ಕೂ ನಕ್ಷೆಯ ತಂತ್ರಾಂಶಕ್ಕೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಬ್ಯಾಂಕಿನಲ್ಲಿ ಲೆಕ್ಕ ತಪ್ಪಿದರೆ ಸಂಜೆ ಜಮಾ-ಖರ್ಚು ತಾಳೆಯಾಗುವುದಿಲ್ಲ. ನಕ್ಷೆಯ ತಂತ್ರಾಂಶ ತಪ್ಪಿದಾಗ ನಿಲ್ಲುವುದೂ ಇಲ್ಲ, ಕೆಂಪು ಅಕ್ಷರದಲ್ಲಿ ದೂರು ಹೇಳುವುದೂ ಇಲ್ಲ. ನಂಬುವಂಥ ಒಂದು ಉತ್ತರವನ್ನೇ ಕೊಟ್ಟು ಸುಮ್ಮನಾಗುತ್ತದೆ.

ತೀರಾ ಸಾಮಾನ್ಯವಾದ ತಪ್ಪು ಅಕ್ಷಾಂಶ-ರೇಖಾಂಶಗಳ ಅದಲುಬದಲು. ಕೊಳ್ಳೇಗಾಲ ಇರುವುದು ಸುಮಾರು 12 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವದಲ್ಲಿ. ನಾವು ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು. ಪೋಸ್ಟ್‌ಜಿಐಎಸ್‌ಗೆ ರೇಖಾಂಶ ಮೊದಲು ಬೇಕು. ಮರೆತು ತಿರುಗುಮುರುಗು ಕೊಟ್ಟರೆ ಕೊಳ್ಳೇಗಾಲದ ಬಸ್ ನಿಲ್ದಾಣ 77 ಡಿಗ್ರಿ ಉತ್ತರಕ್ಕೆ, ಅಂದರೆ ನಾರ್ವೆಯ ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮಕ್ಕಿರುವ ಕಡಲಿಗೆ ಹೋಗಿ ಬೀಳುತ್ತದೆ. ಇದಾದರೂ ಒಳ್ಳೆಯದೇ, ನಕ್ಷೆ ತೆರೆದ ತಕ್ಷಣ ಗೊತ್ತಾಗುತ್ತದೆ. ಆದರೆ ಒಳಗೇ ನಡೆಯುವ ಲೆಕ್ಕದಲ್ಲಿ, ನಕ್ಷೆಯನ್ನೇ ತೋರಿಸದೆ ‘ಹತ್ತಿರದಲ್ಲಿ ರೈತ ಸಂಪರ್ಕ ಕೇಂದ್ರ ಇದೆಯೇ’ ಎಂದು ಹುಡುಕುವ ಕಡೆ, ಉತ್ತರ ಖಾಲಿ ಬರುತ್ತದೆ. ಹತ್ತಿರದಲ್ಲಿ ಕೇಂದ್ರವೇ ಇಲ್ಲ ಎಂದು ಬಳಕೆದಾರರು ತಿಳಿಯುತ್ತಾರೆ. 2019ರಲ್ಲಿ ಜಿಡಾಲ್ ಎಂಬ ಪ್ರಸಿದ್ಧ ನಕ್ಷಾ ಲೈಬ್ರರಿಯ (ಸಿದ್ಧ ಕೋಡಿನ ಸಂಗ್ರಹದ) ಮೂರನೇ ಆವೃತ್ತಿ ಬಂದಾಗ ಈ ಕ್ರಮದ ನಿಯಮವೇ ಬದಲಾಯಿತು. ಜಗತ್ತಿನಾದ್ಯಂತ ಒಂದಕ್ಷರ ಕೋಡು ಮುಟ್ಟದವರ ಟೆಸ್ಟುಗಳೂ ಫೇಲಾದವು. ಟೆಸ್ಟ್ ಇದ್ದವರಿಗೆ ಅಂದೇ ತಿಳಿಯಿತು. ಇಲ್ಲದವರಿಗೆ ಬಳಕೆದಾರರು ತಿಳಿಸಿರಬೇಕು.

ವಿಸ್ತೀರ್ಣದ ತಪ್ಪು ಇನ್ನೂ ನಯವಂಚಕ. ಮೊಬೈಲಿನಲ್ಲಿ ನಾವು ನೋಡುವ ಬಹುತೇಕ ನಕ್ಷೆಗಳು ವೆಬ್ ಮರ್ಕೇಟರ್ ಎಂಬ ಪದ್ಧತಿಯವು. ದುಂಡಗಿನ ಭೂಮಿಯನ್ನು ಚಪ್ಪಟೆ ಪರದೆಗೆ ಎಳೆಯುವಾಗ ಸಮಭಾಜಕದಿಂದ ದೂರ ಹೋದಷ್ಟೂ ಅದು ಆಕಾರಗಳನ್ನು ಹಿಗ್ಗಿಸುತ್ತದೆ. ಓಸ್ಲೋ ನಗರದ ಎತ್ತರದಲ್ಲಿ, 60 ಡಿಗ್ರಿ ಉತ್ತರದಲ್ಲಿ, ವಿಸ್ತೀರ್ಣ ನಾಲ್ಕು ಪಟ್ಟು ಕಾಣುತ್ತದೆ. ಅಲ್ಲಿನ ಪ್ರೋಗ್ರಾಮರ್ ಈ ಪದ್ಧತಿಯಲ್ಲೇ ವಿಸ್ತೀರ್ಣ ಲೆಕ್ಕ ಹಾಕಿದರೆ ಒಂದು ಎಕರೆ ನಾಲ್ಕು ಎಕರೆಯಾಗಿ, ಮೊದಲ ದಿನವೇ ಸಿಕ್ಕಿಬೀಳುತ್ತಾನೆ. ನಮ್ಮ 12 ಡಿಗ್ರಿಯಲ್ಲಿ ಹೆಚ್ಚಾಗುವುದು ಶೇ 5ರಷ್ಟು ಮಾತ್ರ. ನಲವತ್ತು ಗುಂಟೆಯ ಎಕರೆ ನಲವತ್ತೆರಡು ಗುಂಟೆಯ ಹತ್ತಿರ ತೋರುತ್ತದೆ. ಕಣ್ಣಿಗೆ ಅನುಮಾನ ಬರುವುದಿಲ್ಲ. ಆದರೆ ಎರಡು ಗುಂಟೆ ಎಂದರೆ 2,178 ಚದರ ಅಡಿ. 30-40ರ ಎರಡು ಸೈಟಿಗೆ ತುಸು ಕಡಿಮೆ. ಕೊಳ್ಳೇಗಾಲ ಪಟ್ಟಣದ ಅಂಚಿನಲ್ಲಿ ಇಷ್ಟು ಜಾಗಕ್ಕೆ ಅಣ್ಣತಮ್ಮಂದಿರು ಸಿವಿಲ್ ಕೋರ್ಟು ಹತ್ತುತ್ತಾರೆ. ನಾರ್ವೆಯವರಿಗೆ ಎದುರಿಗೇ ಕಾಣುವ ತಪ್ಪು ನಮಗೆ ಮರೆಯಲ್ಲಿ ಕೂತಿರುತ್ತದೆ, ಹಾಗಾಗಿ ಈ ಟೆಸ್ಟು ಅವರಿಗಿಂತ ನಮಗೆ ಹೆಚ್ಚು ಅಗತ್ಯ. ಇದೇ ಲೆಕ್ಕವನ್ನು ನೇರವಾಗಿ ಡಿಗ್ರಿಯಲ್ಲೇ ಮಾಡಿದರೆ ಒಂದು ಎಕರೆ 0.0000003 ಚದರ ಡಿಗ್ರಿ ಎಂದು ಬರುತ್ತದೆ. ಎರಡು ದಶಮಾಂಶಕ್ಕೆ ಇಳಿಸಿದರೆ ಜಮೀನೇ ಸೊನ್ನೆ.

ಜಮೀನು ಸೊನ್ನೆಯಾಗಲು ಇನ್ನೊಂದು ದಾರಿಯೂ ಇದೆ. ಅದನ್ನು ಕಾಗದದ ಮೇಲೆ ಬರೆದು ನೋಡಬಹುದು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ನಾಲ್ಕು ಮೂಲೆಗಳನ್ನು ಬೇಲಿಗುಂಟ ಸುತ್ತುವ ಕ್ರಮದಲ್ಲಿ ಗುರುತು ಮಾಡಿಕೊಂಡರೆ ಚೌಕ ಸರಿಯಾಗಿ ಬರುತ್ತದೆ. ಬಿಸಿಲೆಂದು ಅಡ್ಡದಾರಿ ಹಿಡಿದು ಒಂದನೇ ಮೂಲೆಯಿಂದ ನೇರ ಎದುರು ಮೂಲೆಗೆ ಹೋಗಿ, ಆಮೇಲೆ ಉಳಿದೆರಡನ್ನು ಗುರುತು ಮಾಡಿದರೆ ಗೆರೆ ತನ್ನನ್ನೇ ಕತ್ತರಿಸಿಕೊಂಡು ಎರಡು ತ್ರಿಕೋನಗಳಾಗುತ್ತವೆ. ಲೆಕ್ಕದ ಸೂತ್ರ ಒಂದು ತ್ರಿಕೋನವನ್ನು ಕೂಡುತ್ತದೆ, ಇನ್ನೊಂದನ್ನು ಕಳೆಯುತ್ತದೆ. ಉತ್ತರ ಸರಿಯಾಗಿ ಸೊನ್ನೆ. ಮೂಲೆಗಳು ನಾಲ್ಕೂ ಸರಿ, ಜಿಪಿಎಸ್ ಸರಿ, ಸೂತ್ರವೂ ಸರಿ. ನಡೆದ ಕ್ರಮ ಮಾತ್ರ ತಪ್ಪು. ಪೋಸ್ಟ್‌ಜಿಐಎಸ್‌ನಲ್ಲಿ ಆಕಾರ ಕ್ರಮಬದ್ಧವೇ ಎಂದು ಕೇಳುವ ಸೌಲಭ್ಯವಿದೆ. ಜಮೀನು ದಾಖಲಿಸುವ ಪ್ರತಿ ದಾರಿಯಲ್ಲೂ ಆ ಪ್ರಶ್ನೆ ಕೇಳಲಾಗುತ್ತಿದೆಯೇ ಎಂದು ನೋಡಲು, ಬೇಕೆಂದೇ ಕೆಡಿಸಿದ ಇಂಥ ಒಂದು ಗುಂಟೆಯನ್ನು ಟೆಸ್ಟಿಗೆ ಇಟ್ಟುಕೊಳ್ಳಬೇಕು. ತಂತ್ರಾಂಶ ಅದನ್ನು ತಿರಸ್ಕರಿಸಿದರೆ ಪಾಸು.

ಗಡಿಯ ಪ್ರಶ್ನೆಗೆ ಶಿವನಸಮುದ್ರಕ್ಕೆ ಹೋಗೋಣ. ಕಾವೇರಿ ಇಲ್ಲಿ ಎರಡು ಕವಲಾಗಿ ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಬೀಳುತ್ತದೆ. ಪ್ರವಾಸಿಗರು ಗಗನಚುಕ್ಕಿ ನೋಡಲು ನಿಲ್ಲುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ಕಡೆ. ಭರಚುಕ್ಕಿ ಕೊಳ್ಳೇಗಾಲದ ಕಡೆ. ನದಿಯೇ ಗಡಿಯಾದಲ್ಲಿ ಗೆರೆಯ ಮೇಲೇ ಬಿದ್ದ ಬಿಂದು ಯಾರದು? ಪೋಸ್ಟ್‌ಜಿಐಎಸ್‌ನ ‘ಕಂಟೇನ್ಸ್’ ಎಂಬ ಪ್ರಶ್ನೆ ಗಡಿಯ ಮೇಲಿನ ಬಿಂದುವನ್ನು ಒಳಗಿದೆ ಎಂದು ಒಪ್ಪುವುದಿಲ್ಲ. ಎರಡೂ ತಾಲ್ಲೂಕುಗಳನ್ನು ಕೇಳಿದರೆ ಎರಡೂ ‘ನಮ್ಮದಲ್ಲ’ ಎನ್ನುತ್ತವೆ. ‘ಕವರ್ಸ್’ ಎಂದು ಕೇಳಿದರೆ ಎರಡೂ ‘ನಮ್ಮದೇ’ ಎನ್ನುತ್ತವೆ. ಎರಡು ಇಲಾಖೆಗಳ ನಡುವೆ ಅಲೆದು ಸುಸ್ತಾದ ನಮ್ಮ ಓದುಗರಿಗೆ ಇದು ಹೊಸ ಅನುಭವವೇನಲ್ಲ. ಯಾವ ಉತ್ತರ ಬೇಕು ಎಂದು ಕಂಪ್ಯೂಟರ್ ತೀರ್ಮಾನಿಸಲಾರದು. ಮನುಷ್ಯರು ತೀರ್ಮಾನಿಸಿ ಟೆಸ್ಟಿನಲ್ಲಿ ಬರೆದಿಡಬೇಕು.

ಹನೂರಿನ ಕಥೆ ಮತ್ತೊಂದು. ಈ ತಾಲ್ಲೂಕಿಗೆ ಒಂದು ಕಡೆ ಕಾವೇರಿ, ಇನ್ನೊಂದು ಕಡೆ ತಮಿಳುನಾಡು, ನಡುವೆ ಮಲೆ ಮಹದೇಶ್ವರ ಬೆಟ್ಟದ ಸಾಲು. ಅಂಕುಡೊಂಕಾದ ಗಡಿ. ಹುಡುಕಾಟ ಬೇಗ ಮುಗಿಯಲೆಂದು ಡೇಟಾಬೇಸುಗಳು ಮೊದಲು ಆಕಾರದ ಸುತ್ತ ಒಂದು ಆಯತ ಎಳೆದು, ಅದರೊಳಗೆ ಬರುವುದನ್ನು ಮಾತ್ರ ಆಯ್ದುಕೊಂಡು, ಆಮೇಲೆ ನಿಖರವಾಗಿ ಸೋಸುತ್ತವೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ 5.6ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಸೋಸುವ ಎರಡನೇ ಹೆಜ್ಜೆಯೇ ಇರಲಿಲ್ಲ, ಆಯತವೇ ಅಂತಿಮ. ಹನೂರಿನ ಸುತ್ತ ಆಯತ ಎಳೆದು ನೋಡಿ, ತಮಿಳುನಾಡಿನ ಹಳ್ಳಿಗಳೂ ಒಳಗೆ ಬಂದು ಕೂರುತ್ತವೆ. ಚೌಕಾಕಾರದ ಕಾಲ್ಪನಿಕ ತಾಲ್ಲೂಕು ಇಟ್ಟುಕೊಂಡು ಟೆಸ್ಟ್ ಬರೆದವರಿಗೆ ಈ ದೋಷ ಎಂದೂ ಸಿಗುವುದಿಲ್ಲ, ಏಕೆಂದರೆ ಚೌಕಕ್ಕೂ ಅದರ ಆಯತಕ್ಕೂ ವ್ಯತ್ಯಾಸವೇ ಇಲ್ಲ.

ಇದೇ ಬೆಟ್ಟಸಾಲಿನ ಕಾಡು 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವಾಯಿತು. ಕಾಡಿನ ನಡುವೆ ಊರುಗಳಿವೆ. ನಕ್ಷೆಯಲ್ಲಿ ಅವು ಕಾಡಿನ ಆಕಾರದೊಳಗೆ ಬಿಟ್ಟ ರಂಧ್ರಗಳು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಕಡತ ಸಾಗಿಸುವಾಗ ಹೊರಗಿನ ಗೆರೆ ಮಾತ್ರ ಉಳಿದು ಒಳಗಿನ ಗೆರೆಗಳು ಕಳೆದುಹೋದರೆ, ಇಡೀ ಊರು ಕಾಡಿನ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿಯವರು ಆನ್‌ಲೈನ್‌ನಲ್ಲಿ ಯಾವುದಾದರೂ ಅರ್ಜಿ ಹಾಕಿದಾಗ ‘ಅರಣ್ಯ ಪ್ರದೇಶ’ ಎಂದು ತಿರಸ್ಕಾರವಾದರೆ ತಪ್ಪು ಯಾರದೆಂದು ಹುಡುಕುವುದು ಯಾರು? ಊರಿನ ಮಧ್ಯದ ಒಂದು ಬಿಂದು ಕೊಟ್ಟು ‘ಇದು ಕಾಡಿನ ಒಳಗಿದೆಯೇ’ ಎಂದು ಕೇಳಿ, ‘ಇಲ್ಲ’ ಎಂಬ ಉತ್ತರ ಬರಬೇಕೆಂದು ಬರೆದರೆ ಮೂರು ಸಾಲಿನ ಟೆಸ್ಟ್.

ತಾಲ್ಲೂಕು ಒಡೆದದ್ದಕ್ಕೂ ಟೆಸ್ಟ್ ಬೇಕು. ಹೊಸ ಕೊಳ್ಳೇಗಾಲವನ್ನೂ ಹನೂರನ್ನೂ ಕೂಡಿಸಿದರೆ ಹಳೆಯ ಕೊಳ್ಳೇಗಾಲ ಬರಬೇಕು. ನಡುವೆ ಬಿರುಕು ಇರಬಾರದು, ಒಂದರ ಮೇಲೊಂದು ಬಿದ್ದಿರಬಾರದು, ಹಳೆಯ ತಾಲ್ಲೂಕಿನ ಪ್ರತಿ ಗ್ರಾಮವೂ ಎರಡರಲ್ಲಿ ಒಂದರಲ್ಲಿ, ಒಂದರಲ್ಲೇ, ಸಿಗಬೇಕು. ಇಲ್ಲಿ ‘ಸಮ’ ಎಂದರೆ ಕೊನೆಯ ದಶಮಾಂಶದವರೆಗೂ ಸಮ ಎಂದು ಹಟ ಹಿಡಿಯಬಾರದು. ಆಕಾರ ಕೂಡಿಸುವ ಲೈಬ್ರರಿಯ ಆವೃತ್ತಿ ಬದಲಾದರೆ ಮೂಲೆಗಳ ಕ್ರಮ ಬದಲಾಗಬಹುದು, ಕೊನೆಯ ಅಂಕಿ ಅಲ್ಲಾಡಬಹುದು. ಆರು ದಶಮಾಂಶದ ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಎಷ್ಟು ವ್ಯತ್ಯಾಸವನ್ನು ಒಪ್ಪಬಹುದೆಂದು ಟೆಸ್ಟಿನಲ್ಲೇ ಬರೆಯಬೇಕು. ಬರೆಯದವರ ಟೆಸ್ಟ್ ಕಾರಣವಿಲ್ಲದೆ ಆಗಾಗ ಫೇಲಾಗುತ್ತದೆ, ಆಮೇಲೆ ತಂಡದವರು ಅದನ್ನು ಓಡಿಸುವುದನ್ನೇ ಬಿಡುತ್ತಾರೆ.

ಕನ್ನಡ ಬರಹದಲ್ಲಿ ಎದುರಾಗುವ ಒಂದು ಪೇಚು ಹೇಳಿ ಮುಂದೆ ಹೋಗುತ್ತೇನೆ. ಯುನಿಕೋಡ್‌ನಲ್ಲಿ ‘ಕೊ’ದ ಸ್ವರಚಿಹ್ನೆಯನ್ನೂ ‘ಳ್ಳೇ’ಯ ಸ್ವರಚಿಹ್ನೆಯನ್ನೂ ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಕಾಣುವುದು ಒಂದೇ. ಕೊಳ್ಳೇಗಾಲ ಎಂಬ ಹೆಸರು ಹೀಗೆ ನಾಲ್ಕು ರೂಪದಲ್ಲಿ ಡೇಟಾಬೇಸ್ ಸೇರಬಹುದು, ಹುಡುಕಿದಾಗ ಒಂದಕ್ಕೊಂದು ಹೊಂದಿಕೆಯಾಗದೇ ಉಳಿಯಬಹುದು. ನಕ್ಷೆಯಲ್ಲಿ ಏನೂ ತಪ್ಪಿರುವುದಿಲ್ಲ, ಊರು ಮಾತ್ರ ಸಿಗುವುದಿಲ್ಲ.

ಇಷ್ಟೆಲ್ಲ ಟೆಸ್ಟ್ ಓಡಿಸಲು ಸಮಯ ಹಿಡಿಯುತ್ತದೆ. ಪ್ರತಿ ಸಲ ಡೇಟಾಬೇಸ್ ಸೃಷ್ಟಿಸಿ, ಪೋಸ್ಟ್‌ಜಿಐಎಸ್ ಜೋಡಿಸಿ, ನಕ್ಷೆ ತುಂಬಬೇಕು. ಜೋಡಿಸಲು ಡೇಟಾಬೇಸಿನ ಮೇಲಧಿಕಾರವೂ ಬೇಕಾಗುತ್ತದೆ, ಕಚೇರಿಯ ಸರ್ವರಿನಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಬೇಸತ್ತವರು ಟೆಸ್ಟಿಗೆ ಮಾತ್ರ ಹಗುರವಾದ ಬೇರೆ ಡೇಟಾಬೇಸ್ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಡೇಟಾಬೇಸಿನ ಬದಲು ಸುಳ್ಳು ಉತ್ತರ ಕೊಡುವ ಬೊಂಬೆಯನ್ನು ಕೂರಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಗಡಿ, ವಿಸ್ತೀರ್ಣ, ದೂರಗಳ ಉತ್ತರ ಡೇಟಾಬೇಸಿನಿಂದ ಡೇಟಾಬೇಸಿಗೆ ಬೇರೆಯಾಗುವಾಗ ಬೇರೊಂದರಲ್ಲಿ ಪಾಸಾಗಿ ಏನು ಪ್ರಯೋಜನ? ನಕ್ಷೆ ಬೇಡದ ಟೆಸ್ಟುಗಳನ್ನು ಪ್ರತ್ಯೇಕಿಸಿ ಬೇಗ ಓಡಿಸಿಕೊಳ್ಳಲಿ. ನಕ್ಷೆ ಬೇಕಾದ ಕೆಲವೇ ಟೆಸ್ಟುಗಳನ್ನು, ಜನರ ಮುಂದೆ ಕೆಲಸಕ್ಕಿರುವ ಅದೇ ಪೋಸ್ಟ್‌ಜಿಐಎಸ್, ಅದೇ ಆವೃತ್ತಿಯ ಮೇಲೆ ಓಡಿಸಲಿ. ಈಗ ಅದೆಲ್ಲ ‘ಡಾಕರ್’ ಎಂಬ ಸಾಧನದ ಡಬ್ಬಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ನೆಪ ಹೇಳುವಂತಿಲ್ಲ.

ಲೆಕ್ಕವನ್ನು ಲೆಕ್ಕದಿಂದಲೇ ನಂಬದೆ ನೆಲಕ್ಕಿಳಿದು ತಾಳೆ ನೋಡುವ ಅಭ್ಯಾಸ ನಮ್ಮ ನೆಲದಲ್ಲೇ ಹಳೆಯದು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಮೇಲೆ ತ್ರಿಕೋನ ಸರ್ವೆ ಹಬ್ಬಿಸಿದ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಮದ್ರಾಸಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಅಲ್ಲಿಂದ ಬೆಂಗಳೂರಿನವರೆಗೆ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತ ಬಂದ. ಬರೀ ಕೋನಗಳ ಲೆಕ್ಕ. ಬಂದು ಮುಟ್ಟಿದ ಮೇಲೆ 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ರೇಖೆಯನ್ನು ಮತ್ತೆ ಸರಪಳಿ ಹಾಸಿಯೇ ಅಳೆಸಿದ. ಲೆಕ್ಕ ಹೇಳಿದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ. ಆ ಎರಡನೇ ರೇಖೆಯಿಂದ ಹಳೆಯ ಲೆಕ್ಕ ಸರಿಯೆಂದು ಗೊತ್ತಾಯಿತು. ಇಂದಿನ ಭಾಷೆಯಲ್ಲಿ ಅದು ಟೆಸ್ಟ್.

ಆ ಸರ್ವೆಯ ಪರಂಪರೆಯಿಂದ ನಮಗೆ ಇನ್ನೊಂದು ಬಳುವಳಿಯೂ ಬಂದಿದೆ. ಭಾರತದ ಹಳೆಯ ನಕ್ಷೆಗಳು 1830ರ ಎವರೆಸ್ಟ್ ಅಂಡಗೋಳದ ಲೆಕ್ಕದವು. ನಮ್ಮ ಮೊಬೈಲಿನ ಜಿಪಿಎಸ್ ಬಳಸುವುದು 1984ರ ಜಾಗತಿಕ ಲೆಕ್ಕ. ಹಳೆಯ ಸರ್ವೆ ಹಾಳೆಯ ಅಕ್ಷಾಂಶ-ರೇಖಾಂಶವನ್ನು ಪರಿವರ್ತಿಸದೆ ಹಾಗೆಯೇ ತುಂಬಿದರೆ ದಕ್ಷಿಣ ಕರ್ನಾಟಕದಲ್ಲಿ ಜಾಗ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಕಾಡಂಚಿನ ಜಮೀನಿಗೆ ನೂರು ಮೀಟರ್ ಎಂದರೆ ಪಟ್ಟಾ ಜಮೀನಿಗೂ ಒತ್ತುವರಿಗೂ ಇರುವ ಅಂತರ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದ ನಕ್ಷೆಯ ಒಂದು ಕೆಲಸವನ್ನು ಇಲ್ಲಿ ನೆನೆಯಲೇಬೇಕು. ಏಟ್ರೀ ಸಂಸ್ಥೆಯ ಸಂಶೋಧಕರೂ ಅಲ್ಲಿನ ಸೋಲಿಗ ಬುಡಕಟ್ಟಿನ ಹಿರಿಯರೂ ಕೂಡಿ ಜಿಪಿಎಸ್ ಹಿಡಿದು ಕಾಡು ಸುತ್ತಿ, ಕುಲಗಳ ಯೆಲ್ಲೆಗಳಲ್ಲಿರುವ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ನೂರಾರು ಸಂಖ್ಯೆಯಲ್ಲಿ ಗುರುತಿಸಿದರು. ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳೂ ಸಿಕ್ಕವು. ದಟ್ಟ ಮರಗಳ ಕೆಳಗೆ ಜಿಪಿಎಸ್ ಬಯಲಿನಷ್ಟು ನಿಖರವಾಗಿರುವುದಿಲ್ಲ. ಹಾಗಾಗಿ ದೊಡ್ಡಸಂಪಿಗೆಯಂಥ ಪವಿತ್ರ ತಾಣದ ಬಗ್ಗೆ ‘ಗೆರೆಯ ಒಳಗಿದೆಯೇ’ ಎಂದು ಬಿಗಿಯಾಗಿ ಕೇಳುವ ಬದಲು ‘ಇಷ್ಟು ಮೀಟರ್ ಆಸುಪಾಸಿನಲ್ಲಿದೆಯೇ’ ಎಂದು ಕೇಳುವ ತಂತ್ರಾಂಶ ಬೇಕು, ಅದಕ್ಕೆ ತಕ್ಕ ಟೆಸ್ಟೂ ಬೇಕು. ಸಮುದಾಯ ಹೊರಗಿನವರಿಗೆ ಹೇಳಬಾರದೆಂದ ತಾಣ ಲಾಗಿನ್ ಇಲ್ಲದವರಿಗೆ ಕಾಣಬಾರದು ಎಂಬುದಕ್ಕೂ ಟೆಸ್ಟ್ ಬರೆಯಬಹುದು. ಇದು ವಿಸ್ತೀರ್ಣದ ಟೆಸ್ಟಿಗಿಂತ ಮುಖ್ಯ ಎನ್ನುವವನು ನಾನು.

ಬೆಂಗಳೂರಿನಲ್ಲಿ ಕೂತು ಇಡೀ ರಾಜ್ಯಕ್ಕೆ ತಂತ್ರಾಂಶ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಮಾದರಿ ಮಾಹಿತಿಯಲ್ಲಿ ಚೌಕಾಕಾರದ ಸುಳ್ಳು ತಾಲ್ಲೂಕುಗಳನ್ನು ತೆಗೆದು ಈ ಮೂರನ್ನು ಹಾಕಿಕೊಳ್ಳಿ: ಸೆಂಟಿನ ನೆನಪಿರುವ ಕೊಳ್ಳೇಗಾಲ, ಗುಂಟೆಯ ಯಳಂದೂರು, ಕಾಡಿನೊಳಗೆ ಊರುಗಳಿರುವ ಹನೂರು. ಉತ್ತರ ಸರಿಯೇ ಎಂದು ಕೇಳಲು ತಾಲ್ಲೂಕು ಕಚೇರಿಯ ಭೂಮಾಪಕರ ಹತ್ತಿರ ಒಂದು ದಿನ ಕೂತುಬನ್ನಿ. ಟಿಪ್ಪಣಿ, ಆಕಾರ್‌ಬಂದ್, ಪೋಡಿ, ಖರಾಬು ಯಾವುದು ಎಲ್ಲಿ ತಪ್ಪಾಗುತ್ತದೆಂದು ಅವರಿಗೆ ಬಾಯಿಪಾಠ.

ಓದುಗರಿಗೂ ಒಂದು ಮಾತು. ಮೊಬೈಲಿನ ನಕ್ಷೆ ಸರ್ವೆ ನಂಬರ್ ತಿಳಿಯಲು ಒಳ್ಳೆಯದು, ಬೇಲಿ ಹಾಕಲು ಅಲ್ಲ. ಫೋನಿನ ಜಿಪಿಎಸ್ ಬಯಲಲ್ಲೇ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ. ಅದನ್ನು ನಿಮ್ಮ ಹೋಬಳಿಯ ನಾಡಕಚೇರಿಯಲ್ಲೇ ಕೊಡಬಹುದು.